ಇಂಗ್ಲಿಷಿಗಾಗಿ ಎರಡನ್ನು ಒತ್ತಿ

ನಮ್ಮ ಮನೆಯ ಟಿವಿ ಸರಿಯಾಗಿದೆ. ಮಾಳಿಗೆಯ ಮೇಲಿನ ಡಿಶ್ ಸರಿಯಾಗಿದೆ. ರಿಮೋಟಿನ ಸೆಲ್ಲು ಕೂಡ ಹೊಸದು. ಆದರೂ ಈಚೆಗೆ ನಾನು ಡಿಶ್ ಕಂಪನಿಗೆ ಮೇಲಿಂದ ಮೇಲೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ.

ತಲೆ ಕೆಟ್ಟಿದೆಯೇ ಎಂದು ನೀವು ಕೇಳಬೇಡಿ. ಹೆಂಡತಿ ಆಗಲೇ ಕೇಳಿಯಾಗಿದೆ.

ನಾನು ಇಂಗ್ಲಿಷ್ ಕಲಿಯುತ್ತಿದ್ದೆ, ಅಷ್ಟೇ.

ಈ ಅಂಕಣವನ್ನು ವಾರವಾರ ಸಹಿಸಿಕೊಳ್ಳುವ ನಿಮಗೆ ನನ್ನ ಕಸುಬು ಗೊತ್ತೇ ಇದೆ. ಶಹಾಪುರದಲ್ಲಿ ಕನ್ನಡ ಮೇಷ್ಟ್ರು, ಇಪ್ಪತ್ತೆರಡು ವರ್ಷದ ಸರ್ವಿಸ್. ಪ್ರತಿ ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹೊದ್ದು ಕನ್ನಡ ಉಳಿಸಿ ಎಂದು ಗಂಟಲು ಹರಿದುಕೊಳ್ಳುವವನು ನಾನೇ. ಮಗಳನ್ನು ಯಾದಗಿರಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದವನೂ ನಾನೇ. (ಇವೆರಡಕ್ಕೂ ಸಂಬಂಧವಿಲ್ಲ. ಇದೆ ಎನ್ನುವವರು ಮೊದಲು ತಮ್ಮ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ತಿಳಿಸಿ.)

ಎಲ್ಲ ಶುರುವಾದದ್ದು ಆ ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ. ಮಗಳ ಮಿಸ್ ಪಟಪಟ ಐದು ನಿಮಿಷ ಇಂಗ್ಲಿಷ್ ಮಾತಾಡಿದರು. ನಾನು ಪ್ರತಿ ವಾಕ್ಯಕ್ಕೂ "ಯೆಸ್ ಮೇಡಂ" ಎಂದೆ. ನಗುನಗುತ್ತ ಎಂದೆ. ಹೊರಗೆ ಬಂದ ಮೇಲೆ ಮಗಳು ಅಳುವುದೊಂದು ಬಾಕಿ.

"ಅಪ್ಪಾ, ಮನ್ಯಾಗ ಇಡೀ ದಿನ ಟಿವಿ ಹಚ್ಚಿರ್ತೀರೇನು, ಹುಡುಗೀಗಿ ಓದಾಕ ಬಿಡೂದಿಲ್ಲೇನು ಅಂತ ಕೇಳಿದ್ರು ಅವರು. ನೀ ಎಲ್ಲಾದಕ್ಕೂ ಯೆಸ್ ಅಂದಿ."

ಇನ್ನೇನು ಉಳಿಯಿತು? ಮರುದಿನವೇ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯ ಮೇಲಿರುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೆಸರು ಹಚ್ಚಿದೆ. ಅಲ್ಲಿನ ಸರ್‌ಗೆ ನನ್ನ ಅರ್ಧ ವಯಸ್ಸು. ಹೈದರಾಬಾದಿನ ಒಂದು ಕಾಲ್ ಸೆಂಟರಿನಲ್ಲಿ ಎರಡು ವರ್ಷ ದುಡಿದು ಬಂದವರು. ಮೊದಲ ದಿನವೇ ಹೇಳಿಬಿಟ್ಟರು: "ಗ್ರಾಮರ್ ಬಿಡ್ರಿ ಸರ್. ದಿನಾ ಹತ್ತು ಮಿನಿಟ್ ಲಿಸನಿಂಗ್, ಹತ್ತು ಮಿನಿಟ್ ಸ್ಪೀಕಿಂಗ್ ಮಾಡ್ರಿ. ಗುರ್ತಿಲ್ಲದ ಮಂದಿ ಜೋಡಿ ಮಾತಾಡ್ರಿ. ನಾಚಿಕಿ ತಾನ ಹೋಗ್ತದ."

ಗುರುತಿಲ್ಲದವರು, ಅದೂ ಇಂಗ್ಲಿಷ್ ಮಾತಾಡುವವರು, ನಮ್ಮ ಕಡೆ ಎಲ್ಲಿ ಸಿಗಬೇಕು?

ಮೊದಲು ಮನೆಯಲ್ಲೇ ಪ್ರಯತ್ನಿಸಿದೆ. ಹೆಂಡತಿಗೆ "ಹೌ ಆರ್ ಯೂ" ಎಂದೆ. "ಕುಕ್ಕರ್ ಮೂರು ಸೀಟಿ ಹೊಡದದ, ಹೋಗಿ ಗ್ಯಾಸ್ ಬಂದ್ ಮಾಡ್ರಿ" ಎಂದಳು. ಸುರಪುರಕ್ಕೆ ಕೆಲಸದ ಮೇಲೆ ಹೋದಾಗ ಒಂದು ಆಫೀಸಿನ ಕ್ಲರ್ಕಿಗೆ "ಎಕ್ಸ್‌ಕ್ಯೂಸ್ ಮಿ" ಎಂದೆ. ಪಾಪ, ದೊಡ್ಡ ಸಾಹೇಬರು ಯಾರೋ ಬಂದರೆಂದು ಕುರ್ಚಿ ಬಿಟ್ಟು ಎದ್ದೇಬಿಟ್ಟ. ನನ್ನ ಮುಖ ನೋಡಿ, "ಏ, ನೀವೇನ್ರಿ ಮಾಸ್ತರ್" ಎಂದು ಮತ್ತೆ ಕೂತ. ಬೋನಾಳ ಕೆರೆಗೆ ವರ್ಷವರ್ಷ ಎಲ್ಲೆಲ್ಲಿಂದಲೋ ವಿದೇಶಿ ಅತಿಥಿಗಳು ಬರುತ್ತವೆ, ನಿಜ. ಆದರೆ ಅವು ಹಕ್ಕಿಗಳು, ಅವಕ್ಕೂ ಇಂಗ್ಲಿಷ್ ಬರುವುದಿಲ್ಲ.

ಆಗ ದಾರಿ ತೋರಿಸಿದ್ದು ಡಿಶ್ ಕಂಪನಿ. ರೀಚಾರ್ಜ್ ವಿಚಾರಿಸಲು ಒಂದು ದಿನ ಫೋನ್ ಮಾಡಿದ್ದೆ. ಮಷೀನಿನ ಹೆಂಗಸು ಹೇಳಿದಳು: ಹಿಂದಿಗೆ ಒಂದು, ಇಂಗ್ಲಿಷಿಗೆ ಎರಡು, ತೆಲುಗಿಗೆ ಮೂರು, ಕನ್ನಡಕ್ಕೆ ನಾಲ್ಕು. (ನಾಲ್ಕನೆಯ ಸ್ಥಾನ ಏಕೆ ಎಂದು ಕೇಳಿ ಒಂದು ಭಾಷಣ ಮಾಡಬಹುದಿತ್ತು. ನವೆಂಬರ್ ಇನ್ನೂ ದೂರವಿತ್ತು.) ಅದರ ಹಿಂದೆಯೇ, ಈ ಕರೆಯನ್ನು ತರಬೇತಿಯ ಉದ್ದೇಶಕ್ಕಾಗಿ ರೆಕಾರ್ಡ್ ಮಾಡಲಾಗುವುದು ಎಂದಳು.

ಯಾರ ತರಬೇತಿ ಎಂದು ಅವಳು ಹೇಳಲಿಲ್ಲ. ನನ್ನದೇ ಎಂದುಕೊಂಡೆ. ಎರಡನ್ನು ಒತ್ತಿದೆ.

ಅಬ್ಬಾ, ಎಂಥ ಸೌಲಭ್ಯ ಅಂತೀರಿ! ಪುಕ್ಕಟೆ. ಸಿಟ್ಟು ಮಾಡುವುದಿಲ್ಲ, ನಗುವುದಿಲ್ಲ, ಎಷ್ಟು ಸಲ ಪಾರ್ಡನ್ ಎಂದರೂ ಮತ್ತೆ ಹೇಳುತ್ತಾರೆ. ಹೆತ್ತ ತಾಯಿ ಕೂಡ ನನ್ನ ಮಾತನ್ನು ಇಷ್ಟು ಶಾಂತವಾಗಿ ಕೇಳಿರಲಿಲ್ಲ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಚಹಾ ಹಿಡಿದು ಕೂತುಬಿಡುತ್ತಿದ್ದೆ. "ಇಸ್ಕ್ರೀನ್ ಈಸ್ ಬ್ಲ್ಯಾಕ್" ಎಂದು ಒಂದು ದಿನ. "ಸೌಂಡ್ ಈಸ್ ಕಮಿಂಗ್, ಮ್ಯಾನ್ ಈಸ್ ನಾಟ್ ಕಮಿಂಗ್" ಎಂದು ಇನ್ನೊಂದು ದಿನ. ಪಕ್ಕದ ಕೋಣೆಯಲ್ಲಿ ಹೆಂಡತಿ ಅದೇ ಟಿವಿಯಲ್ಲಿ ಸೀರಿಯಲ್ ನೋಡುತ್ತಿದ್ದಳು.

ಹೆಚ್ಚಾಗಿ ಫೋನ್ ಎತ್ತುತ್ತಿದ್ದವಳು ಮಾಯಾ ಎಂಬ ಹುಡುಗಿ. ನೀರಿನ ಹಾಗೆ ಇಂಗ್ಲಿಷ್. ನಾನು "ಹಿ ಡೋಂಟ್" ಎಂದರೆ ತನ್ನ ಉತ್ತರದೊಳಗೆ ಸದ್ದಿಲ್ಲದೆ "ಹಿ ಡಸಂಟ್" ಸೇರಿಸುತ್ತಿದ್ದಳು. ನಾನು ಗಮನಿಸಿ ತಿದ್ದಿಕೊಳ್ಳುತ್ತಿದ್ದೆ. ಹತ್ತು ನಿಮಿಷದ ಮಾತು ಹದಿನೈದಾಗುತ್ತಿತ್ತು.

ಮಾತು ಮುಗಿದ ಮೇಲೆ ಮಷೀನ್ ಕೇಳುತ್ತಿತ್ತು, ನಮ್ಮ ಪ್ರತಿನಿಧಿಗೆ ಐದರಲ್ಲಿ ಎಷ್ಟು ಕೊಡುತ್ತೀರಿ ಎಂದು. ನಾನು ಮೂರು ಒತ್ತುತ್ತಿದ್ದೆ. ಮೇಷ್ಟ್ರು ಎಲ್ಲಾದರೂ ಪೂರ್ತಿ ಮಾರ್ಕ್ಸ್ ಕೊಡುತ್ತಾರೆಯೇ? ಕೊಟ್ಟರೆ ಮಕ್ಕಳು ಕೆಡುತ್ತವೆ. ಹುಡುಗಿ ಇನ್ನಷ್ಟು ಸುಧಾರಿಸಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮೂರು. ಯಾರ ಇಂಗ್ಲಿಷಿಗೆ ಯಾರು ಮಾರ್ಕ್ಸ್ ಹಾಕುತ್ತಿದ್ದರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ನಾಲ್ಕನೆಯದೋ ಐದನೆಯದೋ ಕರೆ. ಅವಳು ಲೈನಿನಲ್ಲಿ ಸ್ವಲ್ಪ ಕಾಯುವಿರಾ ಎಂದು ಕೇಳಿದಳು. ನಾನು "ಯೆಸ್ ರೀ" ಎಂದುಬಿಟ್ಟೆ. ಏನು ಮಾಡಲಿ? ಇಂಗ್ಲಿಷಿನಲ್ಲಿ ಎಲ್ಲ ಇದೆ, ಈ "ರಿ" ಒಂದಿಲ್ಲ. ಬರೀ ಯೆಸ್ ಎಂದರೆ ನಮ್ಮ ಕಡೆಯವರಿಗೆ ಬಾಗಿಲು ಹಾಕಿದಂತೆ ಕೇಳಿಸುತ್ತದೆ.

ಆ ಕಡೆ ಒಂದು ಸಣ್ಣ ನಗು. ಆಮೇಲೆ ತೀರ ಇಳಿದ ದನಿ: "ಸರ್, ನಿಮ್ ಅಡ್ರೆಸ್ ಶಹಾಪುರ ಅಂತ ತೋರಿಸಾಕತ್ತದ್ರಿ. ನಮ್ದು ಗುರುಮಠಕಲ್ರಿ. ಖರೇ ಹೆಸರು ಮಾದೇವಿ. ಇಲ್ಲಿ ಮಾಯಾ ಅಂತ ಇಟ್ಟಾರ." ಮರುಕ್ಷಣ ಮತ್ತೆ ಗಟ್ಟಿ ದನಿ, ಮತ್ತೆ ಇಂಗ್ಲಿಷ್, ಇನ್ನೇನಾದರೂ ಸಹಾಯ ಬೇಕೇ ಸರ್.

ನನಗೆ ಹಿಡಿಸಲಾರದಷ್ಟು ಖುಷಿ. ಗುರುಮಠಕಲ್ ಎಂದರೆ ಏನು ದೂರ? ಮರುದಿನ ಫೋನ್ ಎತ್ತಿದ ಕೂಡಲೇ ಶುರು ಮಾಡಿದೆ. "ಏನವ್ವಾ ಮಾದೇವಿ, ಹೆಂಗದೀ? ಉಂಡೀಯೇನು? ಗುರುಮಠಕಲ್‌ದಾಗ ಯಾರ ಪೈಕಿ ನೀವು?"

ಅವಳು ಇಂಗ್ಲಿಷಿನಲ್ಲಿ ಹೇಳಿದಳು: ಕ್ಷಮಿಸಿ ಸರ್, ನಿಮ್ಮ ಭಾಷೆ ನನಗೆ ಅರ್ಥವಾಗುತ್ತಿಲ್ಲ. ನೀವು ಆರಿಸಿಕೊಂಡಿರುವುದು ಇಂಗ್ಲಿಷ್.

ಕನ್ನಡ ಅರ್ಥವಾಗುವುದಿಲ್ಲವಂತೆ. ಗುರುಮಠಕಲ್ಲಿನ ಮಾದೇವಿಗೆ. ನನ್ನ ಕನ್ನಡಾಭಿಮಾನ ಕೆರಳಿತು. ನಾಲ್ಕು ಅಕ್ಷರ ಇಂಗ್ಲಿಷ್ ಕಲಿತ ಕೂಡಲೇ ತಾಯ್ನುಡಿ ಮರೆಯುವ ಇಂಥವರಿಂದಲೇ ನಾಡು ಹಾಳಾಗುತ್ತಿರುವುದು ಎಂದು ಒಬ್ಬನೇ ಕೂತು ಗೊಣಗಿದೆ. ಸಿಟ್ಟಿನಲ್ಲಿ ಎರಡು ಒತ್ತಿದೆ. (ಈ ಸಲದ ಎರಡು ಮಾರ್ಕ್ಸಿನದು. ಮೊದಲಿನ ಎರಡು ಭಾಷೆಯದು, ಅದನ್ನು ಒತ್ತಿದವನೂ ನಾನೇ ಎಂಬುದನ್ನು ಅಭಿಮಾನ ನೆನಪಿಟ್ಟುಕೊಳ್ಳಲಿಲ್ಲ.)

ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಅವಳೇ ಎತ್ತಿದಳು. ಕಸ್ಟಮರ್ ನಂಬರ್ ಕೇಳಿದಳು, ಕೊಟ್ಟೆ. ಆಮೇಲೆ ಅದೇ ಆಫೀಸಿನ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

"ಸರ್, ಪ್ಲೀಸ್ ಡೋಂಟ್ ಈಟ್ ಮೈ ಹೆಡ್ ಡೈಲಿ. ಯುವರ್ ಥ್ರೀ, ಯುವರ್ ಟೂ, ಆಲ್ ಆರ್ ಬೀಟಿಂಗ್ ಆನ್ ಮೈ ಸ್ಟಮಕ್. ಐ ಆಮ್ ಫಾಲಿಂಗ್ ಆನ್ ಯುವರ್ ಲೆಗ್ಸ್, ಸರ್."

ಜೀವನದಲ್ಲಿ ಮೊದಲ ಸಲ ನನಗೆ ಇಂಗ್ಲಿಷ್ ಪೂರ್ತಿ ಅರ್ಥವಾಯಿತು. ಪಾರ್ಡನ್ ಎನ್ನುವ ಪ್ರಸಂಗವೇ ಬರಲಿಲ್ಲ. ತಲೆ ತಿನ್ನಬೇಡಿ, ಹೊಟ್ಟೆಯ ಮೇಲೆ ಹೊಡೆಯಬೇಡಿ, ಕಾಲಿಗೆ ಬೀಳುತ್ತೇನೆ. ಕೈಯಲ್ಲಿದ್ದ ಚಹಾ ಆರಿಹೋಯಿತು. "ಓಕೆ" ಎಂದೆ. ಫೋನ್ ಇಟ್ಟೆ. ಗಾಬರಿಯಲ್ಲಿ ಮಾರ್ಕ್ಸ್ ಒತ್ತುವುದನ್ನೂ ಮರೆತೆ.

ಕ್ಲಾಸಿನ ಸರ್‌ಗೆ ವಿಷಯ ಹೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು.

"ಏನ್ ಮಾಡೀರಿ ಸರ್ ನೀವು? ನೌಕರಿ ಕಾಯಂ ಆಗೂದರ ಮೊದಲು ಮೂರು ತಿಂಗಳ ಟ್ರಯಲ್ ಇರ್ತದ. ನಾಕರಕಿಂತ ಕಡಿಮಿ ಮಾರ್ಕ್ಸ್ ಬಂದ್ರ ಮನಿಗಿ ಕಳಸ್ತಾರ. ಕಾಲ್ ಉದ್ದ ಆದ್ರ ಮಾರ್ಕ್ಸ್ ಕಡೀತಾರ. ಒಬ್ಬಾಂವನೇ ತಿರುಗಿ ತಿರುಗಿ ಫೋನ್ ಮಾಡಿದ್ರ, ಈಕಿಗಿ ಕೆಲಸ ಬರೂದಿಲ್ಲ ಅಂತ ಬರೀತಾರ."

"ಹಂಗಾದ್ರ ಐದು ಕೊಡ್ರಿ ಅಂತ ಬಾಯಿ ಬಿಟ್ಟು ಕೇಳಬೇಕಿಲ್ಲೋ?"

"ಕೇಳಂಗಿಲ್ಲ ಸರ್. ಕೇಳಿದ್ರ ಅವತ್ತೇ ಹೊರಗ. ಇಂಗ್ಲಿಷ್ ಲೈನಿನಾಗ ಕನ್ನಡ ಮಾತಾಡಿದ್ರೂ ತಪ್ಪೇ. ಎಲ್ಲಾ ರೆಕಾರ್ಡ್ ಆಗ್ತದ. ಅದಕ್ಕ ಪಾಪ, ರೆಕಾರ್ಡ್ ಕೇಳವ್ರಿಗಿ ತಿಳೀಬಾರದು, ನಿಮಗಷ್ಟೇ ತಿಳೀಬೇಕಂತ ಹಂಗ ಮಾತಾಡ್ಯಾಳ."

ನನ್ನ ಲೆಕ್ಕದಲ್ಲಿ ಆ ಹುಡುಗಿ ದೊಡ್ಡ ಪಾಪ ಏನು ಮಾಡಿದ್ದಳು? ನನ್ನ ಮಾತು ಕೇಳಿಸಿಕೊಂಡಿದ್ದಳು. ಕಲಿಯುವ ನನಗೆ ಕೇಳಿಸಿಕೊಳ್ಳುವುದು ಕೌಶಲ್ಯ, ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿ ಎನ್ನುತ್ತಾರೆ. ಕಲಿತ ಅವಳಿಗೆ ಅದೇ ಅಪರಾಧ, ಹತ್ತು ನಿಮಿಷ ಕೇಳಿದರೆ ಕೆಲಸಕ್ಕೆ ಕುತ್ತು. ಇಂಗ್ಲಿಷ್ ಕಲಿತರೆ ಎಲ್ಲರ ಜೊತೆ ಮಾತಾಡಬಹುದು ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ. ಹೌದು, ಎಲ್ಲರ ಜೊತೆ. ಪಕ್ಕದ ಊರಿನವರನ್ನು ಬಿಟ್ಟು.

ನಾಚಿಕೆಯಾಯಿತು. ನಾಚಿಕೆ ಬಿಡಿಸಲೆಂದು ಶುರುವಾದ ಅಭ್ಯಾಸ ಅಲ್ಲಿಗೆ ಬಂದು ಮುಟ್ಟಿತು. ವಾರ ಪೂರ್ತಿ ಫೋನ್ ಮುಟ್ಟಲಿಲ್ಲ. ಹೆಂಡತಿಗೆ ಅನುಮಾನ ಬಂದು, "ಯಾಕ್ರಿ, ಟಿವಿ ರಿಪೇರಿ ಆತೇನು?" ಎಂದಳು.

ತಿಂಗಳು ದಾಟಿದ ಮೇಲೆ ತಡೆಯಲಾಗಲಿಲ್ಲ. ಚುಟುಕಾಗಿ ಮುಗಿಸಿ ಐದು ಒತ್ತಿಬಿಡೋಣ ಎಂದು ಎರಡನ್ನು ಒತ್ತಿದೆ. ಬೇರೆ ಹುಡುಗ. ಮಾಯಾ ಎಲ್ಲಿ ಎಂದೆ. ಅವಳನ್ನು ಕನ್ನಡ ಡೆಸ್ಕಿಗೆ ಹಾಕಿದ್ದಾರೆ ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿದ. ಒಂದೇ ಸಲಕ್ಕೆ ತಿಳಿಯಿತು. ನನ್ನ ಲಿಸನಿಂಗ್ ನಿಜಕ್ಕೂ ಸುಧಾರಿಸಿದೆ.

ಕ್ಲಾಸಿನ ಸರ್ ಬಿಡಿಸಿ ಹೇಳಿದರು. "ಹೆಡ್ಡು, ಸ್ಟಮಕ್ಕು, ಲೆಗ್ಸು ಎಲ್ಲಾ ರೆಕಾರ್ಡಿನಾಗ ಕೇಳಿರಬೇಕು. ಈಕಿ ಇಂಗ್ಲಿಷಿನಾಗ ಊರ ಭಾಷಾ ಬೆರೀತದ ಅಂತ ಬರದು ದಬ್ಯಾರ. ಹೊಸ ಡೆಸ್ಕಂದ್ರ ಇನ್ನೊಂದು ತಿಂಗಳ ಟ್ರಯಲ್ ಸರ್. ಅಲ್ಲೂ ಕೆಟ್ಟರ ಬ್ಯಾಗ್ ತಗೊಂಡು ಗುರುಮಠಕಲ್‌ಗಿ ಬರೂದೇ."

ಅಂದರೆ ನನ್ನೊಬ್ಬನಿಗೆ ತಿಳಿಯಲೆಂದು ಆಡಿದ ಮೂರು ವಾಕ್ಯ ಅವಳ ನೀರಿನಂಥ ಇಂಗ್ಲಿಷನ್ನು ನುಂಗಿತ್ತು. ಇರಲಿ, ಕನ್ನಡ ಡೆಸ್ಕ್ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಹುಟ್ಟಿದಂದಿನಿಂದ ಆಡಿದ ಮಾತು. ಅಲ್ಲಿ ಯಾರು ಏನು ತಪ್ಪು ಹಿಡಿದಾರು? ನಾಲ್ಕನ್ನು ಒತ್ತಿದೆ. ಎರಡು ಸಲ ಬೇರೆಯವರು ಎತ್ತಿದರು. ಮೂರನೆಯ ಸಲ ಅವಳು.

"ನಮಸ್ಕಾರ. ತಮ್ಮ ಅಮೂಲ್ಯವಾದ ಕರೆಗೆ ಸ್ವಾಗತ. ನಾನು ಮಾಯಾ. ತಮಗೆ ಯಾವ ರೀತಿಯಲ್ಲಿ ಸಹಕರಿಸಬಹುದು?"

"ಯವ್ವಾ ಮಾದೇವಿ, ನಾ ಶಹಾಪುರದ ಮಾಸ್ತರ್. ಬರಾಬರ್ ಅದೀಯಿಲ್ಲೋ? ಈಗರೆ ಮಾತಾಡವ್ವಾ."

ಆ ಕಡೆ ಉಸಿರು ಕೇಳಿಸಿತು. ಆಮೇಲೆ ಅವಳು ಹೇಳಿದಳು: "ಮಾನ್ಯರೇ, ದಯವಿಟ್ಟು ಸ್ಪಷ್ಟವಾದ, ಶುದ್ಧವಾದ ಕನ್ನಡದಲ್ಲಿ ತಮ್ಮ ಸಮಸ್ಯೆಯನ್ನು ತಿಳಿಸಿ."

ನನಗೆ ಸಿಟ್ಟು ಬರಲಿಲ್ಲ. ಬರಲು ಮುಖ ಎಲ್ಲಿತ್ತು? ಈ ವಾಕ್ಯ ನನ್ನದೇ. "ಅವ್ವ ಹೊಲಕ್ಕ ಹೋಗ್ಯಾಳ" ಎಂದು ಮಕ್ಕಳು ಬರೆದಾಗಲೆಲ್ಲ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು, "ತಾಯಿಯು ಹೊಲಕ್ಕೆ ಹೋಗಿದ್ದಾಳೆ, ಶುದ್ಧವಾಗಿ ಬರೆ" ಎಂದು ಇಪ್ಪತ್ತೆರಡು ವರ್ಷ ಬರೆದವನು ನಾನು. ಆ ಮಕ್ಕಳ ಅವ್ವಂದಿರು ಯಾರೂ "ತಾಯಿಯು" ಆಗಿ ಹೊಲಕ್ಕೆ ಹೋದವರಲ್ಲ.

ಗಂಟಲು ಸರಿಪಡಿಸಿಕೊಂಡೆ. ಪರೀಕ್ಷೆಗೆ ನಿಂತ ಹುಡುಗನ ಹಾಗೆ ಹೇಳಿದೆ: "ನಮ್ಮ ಮನೆಯ ಟಿವಿ ಸರಿಯಾಗಿ ಕಾರ್ಯನಿರ್ವಹಿಸುತ್ತಿದೆ. ಯಾವುದೇ ಸಮಸ್ಯೆ ಇರುವುದಿಲ್ಲ."

"ಧನ್ಯವಾದಗಳು ಮಾನ್ಯರೇ. ತಮ್ಮ ದಿನ ಶುಭವಾಗಿರಲಿ."

ಒಂದು ನಿಮಿಷವೂ ಆಗಿರಲಿಲ್ಲ. ಮಷೀನ್ ಮಾರ್ಕ್ಸ್ ಕೇಳಿತು. ಐದಕ್ಕೆ ಐದು ಒತ್ತಿದೆ. ತನ್ನದೆನ್ನುವ ಒಂದು ಮಾತನ್ನೂ ಆಡದ ಹುಡುಗಿಯಲ್ಲಿ ತಪ್ಪು ಹುಡುಕುವುದಾದರೂ ಹೇಗೆ?