ಇಗರ್ಜಿಯ ಚಿತ್ರಕ್ಕೆ ಹುಡುಕಿದ ಬೆಳಕು

ನಿಮಗೊಂದು ಮಾತು ಹೇಳಿಬಿಡುತ್ತೇನೆ, ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಕೊಳ್ಳಬೇಡಿ. ಅಂಗಡಿಯವನು ಮುಖ ಸಿಂಡರಿಸಿದರೂ ಸರಿ, ಥಾನಿನ ಸುರುಳಿಯನ್ನು ಬಾಗಿಲಿಗೆ ತರಿಸಿ ಬಿಸಿಲಲ್ಲಿ ಬಿಚ್ಚಿ ನೋಡಿ. ದುಬೈಯಲ್ಲಿ ಬಟ್ಟೆ ಹೊತ್ತು ಮಾರುತ್ತಿದ್ದ ನಾನು ಸ್ವಂತ ಅಂಗಡಿ ಹಾಕಿದ್ದು ಈ ಒಂದು ಬುದ್ಧಿಯಿಂದ.

ಅಲ್ಲಿನ ಮಿರ್ದಿಫ್‌ನ ನಮ್ಮ ಫ್ಲ್ಯಾಟಿನಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ದೊಡ್ಡದೊಂದು ಚಿತ್ರವಿತ್ತು. ಅಚ್ಚಿನ ಪ್ರತಿ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನನ್ನ ಹೆಂಡತಿ ಆರಿಸಿ ತಂದದ್ದು. ಫ್ರಾನ್ಸಿನ ಚಿತ್ರಕಾರನೊಬ್ಬ ಅದೇ ಇಗರ್ಜಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಮಂಜಿನಲ್ಲಿ ಮತ್ತೆ ಮತ್ತೆ ಬರೆದನಂತೆ. ನಮ್ಮಲ್ಲಿದ್ದುದು ಬಿಸಿಲಿನದು: ಕಲ್ಲೆಲ್ಲ ಜೇನಿನ ಬಣ್ಣ, ಬಾಗಿಲಿನ ಕಮಾನಿನೊಳಗೆ ಮಾತ್ರ ನೀಲಿ ನೆರಳು.

"ಕಟ್ಟಡ ಒಂದೇ ಅಲ್ವಾ, ಅಷ್ಟು ಸಲ ಯಾಕೆ?" ಎಂದಿದ್ದೆ.

"ಒಂದೇ ಥಾನಿಗೆ ನೀವು ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು ಹೇಳುದಿಲ್ವಾ ಮಾರಾಯ್ರೆ?" ಎಂದು ನಕ್ಕಿದ್ದಳು.

ಅವಳ ನೋಟದ ನಡುಭಾಗ ಮಸುಕಾಗತೊಡಗಿದಾಗ ಮೊದಲು ಮಾಯವಾದದ್ದು ಆ ಬಾಗಿಲು. ಗೋಪುರದ ತುದಿ ಕಾಣುತ್ತದೆ, ಚೌಕಟ್ಟು ಕಾಣುತ್ತದೆ, ನಡುವೆ ಬೂದಿ ಬಣ್ಣದ ಕಲೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಚುಚ್ಚುಮದ್ದು ಹಿಡಿದಿಡಬಹುದು ಎಂದರು ಅಲ್ ಐನ್‌ನ ಕಣ್ಣಿನ ಡಾಕ್ಟರು. ನಾನು ಚೌಕಾಸಿಗೆ ಇಳಿದೆ. ಪೂರ್ತಿ ಬೇಡ, ಅರ್ಧ? ಒಂದು ಕಣ್ಣಿನದ್ದಾದರೂ? ಅವರು ನನ್ನ ಭುಜ ಮುಟ್ಟಿದರು. ಬೆಲೆಯನ್ನೇ ಹೇಳದವರ ಹತ್ತಿರ ಚೌಕಾಸಿ ಮಾಡುವುದು ಹೇಗೆ?

ಚುಚ್ಚುಮದ್ದೂ ಹಿಡಿಯಲಿಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿದೆ. ಬೆಳಿಗ್ಗೆ ಬಾಲ್ಕನಿಗೆ, ಮಧ್ಯಾಹ್ನ ಅಡುಗೆಮನೆಯ ಕಿಟಕಿಗೆ, ಸಂಜೆ ಪಡಸಾಲೆಗೆ ಹೊತ್ತೊಯ್ದೆ. ಅಂಗಡಿಯ ಶೋಕೇಸಿನ ದೀಪಗಳನ್ನು ಕಿತ್ತು ತಂದೆ. ಯಾವುದೋ ಒಂದು ಬೆಳಕು ಅವಳಿಗೆ ಆ ಬಾಗಿಲನ್ನು ಮರಳಿ ಕೊಟ್ಟೀತು ಎಂದು ನಂಬಿದ್ದೆ. ಬಟ್ಟೆಯ ವಿಷಯದಲ್ಲಿ ಬಿಸಿಲು ನನಗೆ ಎಂದೂ ಕೈಕೊಟ್ಟಿರಲಿಲ್ಲ.

"ಇಲ್ಲಿ?"

"ಇಲ್ಲ."

"ಸ್ವಲ್ಪ ಓರೆ ಮಾಡಿದ್ರೆ?"

"ಖಲಾಸ್ ಮಾರಾಯ್ರೆ. ನಿಮ್ಮ ಸೊಂಟವೂ ಹೋದ್ರೆ ಇಬ್ಬರಿಗೂ ಕೋಲು ಬೇಕಾದೀತು."

ಒಂದು ರಜೆಯ ಬೆಳಿಗ್ಗೆ ಅವಳನ್ನು ಬಾಲ್ಕನಿಯ ಬಾಗಿಲಲ್ಲಿ ಕೂರಿಸಿದೆ. ಗಾಜು ಒರೆಸಲೆಂದು ಚಿತ್ರದ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವಳ ಕಡೆಗಿದ್ದದ್ದು ಹಿಂದಿನ ಕಂದು ರಟ್ಟು.

"ಈಗ ಕಾಣ್ತದೆ" ಎಂದಳು. "ಬಾಗಿಲು ಉಂಟು. ಒಳಗೆ ನೀಲಿ. ಇಲ್ಲೇ ಇರ್ಲಿ, ಇನ್ನು ಹೊರಬೇಡಿ."

ಅಂಗಡಿಯಿಂದ ಹೊರಬಿದ್ದರೆ ಸಾಕು ಎನ್ನುವ ಗಿರಾಕಿ ಹೇಳುವ "ಚೆನ್ನಾಗಿದೆ" ಯಾವುದೆಂದು ನನಗೆ ಗೊತ್ತು. ಚಿತ್ರವನ್ನು ತಿರುಗಿಸಲು ಕೈ ಬರಲಿಲ್ಲ.

"ಸರಿಯಾಗಿ ಕಾಣ್ತದಾ?" ಎಂದೆ.

"ಹೌದು. ಬಿಸಿಲು ಸರಿಯಾಗಿ ಬಿದ್ದಿದೆ."

ಬಿಸಿಲು ಬಿದ್ದದ್ದು ನನ್ನ ಕಡೆಯ ಬಣ್ಣಗಳ ಮೇಲೆ. ಹಾಗೆಯೇ ಹಿಡಿದುಕೊಂಡು ನಿಂತೆ.