ಹಳೇವೂರಮ್ಮನಲ್ಲಿಗೆ ಇಳಿಯುವ ದಾರಿ

ಆ ದಾರಿಯಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ ಎಂದು ಸುಳ್ಳು ಹೇಳಿದವಳು ನಾನು. ಬೇರೆ ಯಾರೂ ಅಲ್ಲ. ಆ ಸುಳ್ಳಿನ ಮೇಲೆ ಸರ್ಕಾರದ ಒಪ್ಪಿಗೆ ಬಿತ್ತು ಎಂಬ ಸುದ್ದಿ ಬಂದಾಗ ನಾನು ಜಗಲಿಯಲ್ಲಿ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದೆ. ಎದುರಿಗೆ ಕೂತು ನನ್ನ ಜೊತೆ ಹಿಸುಕುತ್ತಿದ್ದವಳು ಪುಟ್ಟತಾಯಕ್ಕ — ಯಾರ ದಾರಿಯನ್ನು ನಾನು ಇಲ್ಲವೆಂದಿದ್ದೆನೋ, ಅವಳೇ.

ನಮ್ಮೆಜಮಾನರು ಕುಂದೂರಿನಿಂದ ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದರು, "ಲೇಔಟಿಗೆ ಅಪ್ರೂವಲ್ ಆಗ್ಬುಡ್ತಂತೆ ಕಣೇ. ನೀರಿನ ದಂಡೆ ಉದ್ದಕ್ಕೂ ಮನೆ ಕಟ್ತಾರಂತೆ."

ಪುಟ್ಟತಾಯಕ್ಕ ನಕ್ಕಳು. "ಕಟ್ಕಳ್ಳಿ ಬುಡಪ್ಪ. ನಮ್ಮೂರ ಸೊಳ್ಳೆಗೂ ಹೊಸಾ ನೆಂಟ್ರು ಬ್ಯಾಡ್ವಾ. ನಮ್ಮ ದಾರಿಗೆ ಅಡ್ಡ ಬರ್ದಿದ್ರೆ ಸಾಕು."

ನಾನು ತಲೆ ಎತ್ತಲಿಲ್ಲ. ಕಾಳು ಹಿಸುಕುತ್ತಲೇ ಇದ್ದೆ.

ನಮ್ಮ ಊರು ಹೇಮಾವತಿಯ ಹಿನ್ನೀರಿನ ಮೇಲ್ದಂಡೆಯಲ್ಲಿದೆ. ಪುಟ್ಟತಾಯಕ್ಕನ ಊರು ಕೆಳಗಿತ್ತು. ಅಣೆಕಟ್ಟಿನ ನೀರು ನಿಂತಾಗ ಅವರೆಲ್ಲ ಮೇಲೆ ಬಂದರು, ಹಳೇವೂರಮ್ಮ ಮಾತ್ರ ಬರಲಿಲ್ಲ. ಅಮ್ಮನನ್ನು ನೆಲದಿಂದ ಏಳಿಸಬಾರದು ಎಂದು ಹಿರಿಯರು ಆ ಕಲ್ಲನ್ನು ಅಲ್ಲೇ ಬಿಟ್ಟರಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಮ್ಮ ಕಾಣಿಸುತ್ತಾಳೆ. ಆಗ ಹೆಂಗಸರು ಇಳಿದು ಹೋಗಿ, ಕಲ್ಲಿಗೆ ಮೆತ್ತಿದ ಕೆಸರನ್ನು ಕೈಯಲ್ಲೇ ತೊಳೆದು, ಅರಿಶಿನ ಹಚ್ಚಿ, ತಂಬಿಟ್ಟು ಇಡಬೇಕು. ಗಂಡಸರು ಇಳಿಯುವ ಹಾಗಿಲ್ಲ. ಮೊದಲ ಪೂಜೆ ಪುಟ್ಟತಾಯಕ್ಕನ ಮನೆಯದು, ಅತ್ತೆಯಿಂದ ಸೊಸೆಗೆ ಬಂದದ್ದು. ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆ, ಜಾರುವ ಕೆಸರಿನಲ್ಲಿ ನನ್ನ ಕೈ ಹಿಡಿದು ಇಳಿಸಿಕೊಂಡು ಹೋದವಳು ಅವಳು.

ದಾರಿ ನಮ್ಮ ಹಿತ್ತಿಲ ಬೇಲಿಗೆ ಅಂಟಿಕೊಂಡೇ ಇಳಿಯುತ್ತಿತ್ತು. ನಕಾಶೆಯಲ್ಲಿ ಅದು ಇರಲಿಲ್ಲ. ನಡೆಯುವವರ ಬಾಯಿಮಾತೇ ಅದಕ್ಕಿದ್ದ ಆಧಾರ.

ದಂಡೆಯ ಮೇಲಿನ ಜಮೀನನ್ನು ಲೇಔಟಿನವರು ಕೊಂಡಿದ್ದರು. ಮನೆ ಕಟ್ಟಲು ಒಪ್ಪಿಗೆ ಕೊಡುವ ಮೊದಲು ತಾಲ್ಲೂಕಿನವರು ಸ್ಥಳ ನೋಡಲು ಬರಬೇಕಿತ್ತು. ಊರಿನವರು ನಡೆಯುವ ರೂಢಿ ದಾರಿ ಇದ್ದರೆ ಅದನ್ನು ಬಿಟ್ಟೇ ನಕ್ಷೆ ಮಾಡಬೇಕಂತೆ. ಅವರು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ಲೇಔಟಿನ ಏಜೆಂಟ್ ನಮ್ಮ ಮನೆಗೆ ಬಂದ. ದೇವರ ಮನೆಯ ಕಡೆ ಕೈ ಮುಗಿದ. ಆಮೇಲೆ ಹೇಳಿದ, "ಅಮ್ಮ ಪಾಪ ನೀರಲ್ಲಿ ನಿಂತವ್ಳಂತಲ್ಲಕ್ಕ. ದಾರಿ ಮಾತು ಬರ್ದಿದ್ರೆ ನಮ್ ಗೇಟ್ ಹತ್ರ ಗುಡಿ ಕಟ್ಸ್‌ಕೊಡ್ತೀವಿ. ಮೊದಲ ಪೂಜೆ ನಿಮ್ಮನೇದೇ."

ಅಮ್ಮನಿಗೆ ಸೂರು ಆಗುತ್ತದೆ, ಮಳೆಗಾಲವೆಲ್ಲ ಮುಳುಗಿ ನಿಲ್ಲುವುದು ತಪ್ಪುತ್ತದೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತು. ಮೊದಲ ಪೂಜೆ. ಇಷ್ಟು ವರ್ಷ ಪುಟ್ಟತಾಯಕ್ಕನ ಹಿಂದೆ ತಟ್ಟೆ ಹಿಡಿದು ನಿಂತವಳು ನಾನು. ಒಂದು ಸಲವಾದರೂ ಮುಂದೆ ನಿಲ್ಲಬೇಕು ಎಂದು... ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ತಾಲ್ಲೂಕಿನವರು ಬಂದದ್ದು ಶ್ರಾವಣದಲ್ಲಿ. ಹಿನ್ನೀರು ತುಂಬಿ ನಮ್ಮ ಬೇಲಿಯ ಹತ್ತಿರದವರೆಗೆ ಬಂದಿತ್ತು, ದಾರಿಯ ಮೇಲೆ ಹುಲ್ಲು ಎದ್ದಿತ್ತು. ಪುಟ್ಟತಾಯಕ್ಕ ಮಗಳ ಬಾಣಂತನಕ್ಕೆಂದು ಮಗ್ಗೆಯಲ್ಲಿದ್ದ ಅವಳ ಮನೆಗೆ ಹೋಗಿದ್ದಳು. ನಾನು ಕಾಫಿ ಕೊಟ್ಟೆ. ಸಾಹೇಬರು ಇಲ್ಲಿ ಓಡಾಟದ ದಾರಿ ಏನಾದರೂ ಇದೆಯೇ ಎಂದು ನಮ್ಮೆಜಮಾನರನ್ನು ಕೇಳಿದರು. ಗಂಡಸರು ಇಳಿಯದ ದಾರಿಯ ಬಗ್ಗೆ ತಾವು ಮಾತಾಡಬಾರದು ಎಂದು ಎಜಮಾನರ ಲೆಕ್ಕ. "ಅದು ಹೆಂಗಸ್ರ ವಿಚಾರ ಸ್ವಾಮಿ, ಇವಳ್ನೇ ಕೇಳಿ" ಎಂದುಬಿಟ್ಟರು.

ಎಲ್ಲರೂ ನನ್ನ ಕಡೆ ನೋಡಿದರು.

"ಇಲ್ಲ ಸ್ವಾಮಿ. ಯಾರೂ ನೀರಿಗೆ ಇಳಿಯಲ್ಲ."

ಇಷ್ಟೇ ಮಾತು. ಬರೆದುಕೊಂಡರು. ನೀರು ತುಂಬಿದ್ದ ಆ ದಿನಕ್ಕೆ ಅದು ನಿಜವೇ ಆಗಿತ್ತಲ್ಲ ಎಂದು ಎಷ್ಟೋ ದಿನ ಮನಸ್ಸು ಅತ್ತಿತ್ತ ಹೊರಳಾಡಿದೆ. ಅವರು ಕೇಳಿದ್ದು ಆ ದಿನದ ಮಾತಲ್ಲ, ನನಗೆ ಗೊತ್ತಿತ್ತು. ಎಜಮಾನರು ಲೋಟ ಕೆಳಗಿಟ್ಟು ಹೊರಗೆ ಹೋದರು. ಈವತ್ತಿನವರೆಗೂ ಆ ವಿಷಯ ಎತ್ತಿಲ್ಲ.

ಬೇಸಿಗೆ ಬಂತು, ನೀರು ಇಳಿಯಿತು. ಪುಟ್ಟತಾಯಕ್ಕ ಮಡಿಸೀರೆ ಉಟ್ಟು ತಂಬಿಟ್ಟಿನ ತಟ್ಟೆ ಹಿಡಿದು ನನ್ನನ್ನು ಕರೆಯಲು ಬಂದಳು. ಇಬ್ಬರೂ ಹೋದೆವು. ದಾರಿ ಇದ್ದ ಕಡೆ ಗೋಡೆ, ಗೋಡೆಗೊಂದು ಗೇಟು; ಅಮ್ಮನ ಪೂಜೆಗೆ ಗೇಟು ತೆಗೆಯುತ್ತಾರೆ ಎಂದೇ ಅವಳು ನಂಬಿದ್ದಳು. ಆನೇಮಹಲ್ ಕಡೆಯ ಒಬ್ಬ ಕಾವಲಿಗಿದ್ದ. ಒಳ್ಳೆಯ ಮನುಷ್ಯ, ಎದ್ದು ನಿಂತೇ ಮಾತಾಡಿದ.

"ಇಲ್ಲಿ ದಾರಿ ಇಲ್ಲ ಕಣಜ್ಜಿ. ನಿಮ್ಮೂರೋರೇ ಇಲ್ಲ ಅಂತ ಹೇಳವ್ರಂತೆ. ನಾನು ಬುಟ್ರೆ ನನ್ ಕೆಲ್ಸ ಹೋಯ್ತದೆ."

"ಯಾವೋನಪ್ಪ ಅಂಗಂದೋನು? ಅವ್ನ ನಾಲ್ಗೆಗೆ..." ಎಂದವಳು ಬಾಯಿ ಮುಚ್ಚಿಕೊಂಡಳು. ನನ್ನ ಕಡೆ ತಿರುಗಿ, "ಬ್ಯಾಡ ಕಮಲಿ, ಅಮ್ಮನ ಎಡೆ ಕೈಲಿಟ್ಕಂಡು ಶಾಪ ಹಾಕ್ಬಾರ್ದು," ಎಂದಳು.

ತಂಬಿಟ್ಟನ್ನು ಗೋಡೆಯ ಬುಡದಲ್ಲಿಟ್ಟು, ನೀರಿರುವ ದಿಕ್ಕಿಗೆ ಕೈ ಮುಗಿದಳು. ಅಲ್ಲಿಂದ ನೀರು ಕಾಣುತ್ತಲೂ ಇರಲಿಲ್ಲ.

ಗುಡಿಯನ್ನು ಲೇಔಟಿನವರು ಕಟ್ಟಿಸಿದರು, ಮಾತು ತಪ್ಪಲಿಲ್ಲ. ಒಳಗಿರುವುದು ಪೇಟೆಯಿಂದ ತಂದ ಹೊಳೆಯುವ ವಿಗ್ರಹ. ಮೊದಲ ಪೂಜೆ ನನ್ನದೇ, ಕೊನೆಯದೂ ನನ್ನದೇ — ಅಲ್ಲಿಗೆ ಬೇರೆ ಯಾರು ಬರುತ್ತಾರೆ? ಮನೆ ಕಟ್ಟಿಸಿದವರು ರಜೆ ಬಂದಾಗ ಕಾಣಿಸುತ್ತಾರೆ. ಊರ ಹೆಂಗಸರು ಆ ಗುಡಿಯ ಹಾದಿ ತುಳಿಯಲಿಲ್ಲ. ಪುಟ್ಟತಾಯಕ್ಕನನ್ನು ಕರೆದೆ. ಅದು ಬೇರೆ ಅಮ್ಮ, ನನಗೆ ಗುರುತಿಲ್ಲ ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ದೇವರು ಕೊಟ್ಟ ಸಣ್ಣ ಸಣ್ಣ ಕರುಣೆಗಳನ್ನು ಎಣಿಸುವುದು ನನ್ನ ಅಭ್ಯಾಸ: ದೀಪಕ್ಕೆ ಎಣ್ಣೆ ಇದೆ, ಬೇಲಿಯಲ್ಲಿ ದಾಸವಾಳ ಬಿಟ್ಟಿದೆ, ಮೊಣಕಾಲು ಇನ್ನೂ ಬಗ್ಗುತ್ತದೆ. ಪುಟ್ಟತಾಯಕ್ಕ ತನ್ನ ಹಿತ್ತಿಲ ಸೊಪ್ಪು ಕಳಿಸುವುದನ್ನು ನಿಲ್ಲಿಸಿರಲಿಲ್ಲ. ಅದನ್ನು ಮಾತ್ರ ಕರುಣೆ ಎಂದು ಎಣಿಸಲಾರದೆ ಹೋದೆ.

ಹೋದ ತಿಂಗಳು ಅವಳು ಬಿದ್ದು ಸೊಂಟ ನೋಯಿಸಿಕೊಂಡಳು. ನೋಡಲು ಹೋದೆ. ಸಾಯುವ ಮೊದಲು ಒಂದು ಸಲ ಅಮ್ಮನ ಮೈ ತೊಳೆಯಬೇಕಿತ್ತು ಎಂದಳು. ಆಗ ಹೇಳಿಬಿಟ್ಟೆ. ಎಲ್ಲವನ್ನೂ — ಏಜೆಂಟನ ಮಾತು, ನನ್ನ ಆಸೆ, ನಾನಾಡಿದ್ದು.

ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಆಮೇಲೆ, "ನನ್ನತ್ರ ಯಾಕ್ ಯೋಳ್ತೀಯ ಕಮಲಿ? ಇಲ್ಲ ಅಂತ ಯಾರ್ಗೆ ಯೋಳ್ದೋ, ಐತೆ ಅಂತ ಅವ್ರಿಗ್ ಯೋಳು" ಎಂದಳು. ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿದಳು.

ನಿನ್ನೆ ಗುಡಿಯ ಬೀಗದ ಕೈಯನ್ನು ಗೇಟಿನವನಿಗೆ ಕೊಟ್ಟು, ಬಸ್ಸು ಹತ್ತಿ ಒಬ್ಬಳೇ ಆಲೂರಿಗೆ ಹೋದೆ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಬದಲಾಗಿದ್ದರು. ಅಲ್ಲಿದ್ದವರು, ಒಪ್ಪಿಗೆ ಆಗಿ ಹೋಗಿದೆ, ಈಗ ನೀವು ಅರ್ಜಿ ಕೊಡಬಹುದು, ಏನಾಗುತ್ತದೋ ಹೇಳಲಾಗುವುದಿಲ್ಲ ಎಂದರು. ದಾರಿ ಇದ್ದದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು.

"ಇಲ್ಲ ಅಂದೋಳು ನಾನೇ. ಸುಳ್ಳು ಹೇಳಿದ್ದೆ."

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬರೆದುಕೊಟ್ಟು ರುಜು ಹಾಕಿ ಬಂದೆ. ಕರೆದಾಗೆಲ್ಲ ಹೋಗುತ್ತೇನೆ. ಪುಟ್ಟತಾಯಕ್ಕ ಎದ್ದು ನಡೆಯುವಷ್ಟರಲ್ಲಿ ದಾರಿ ಬಿಡುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಹೇಳಿದಂದಿನಿಂದ ಅವಳ ಮನೆಯ ಸೊಪ್ಪು ಬರುವುದು ನಿಂತಿದೆ. ನಿಲ್ಲಬೇಕಾದದ್ದೇ.

ಮನೆಗೆ ಬಂದಾಗ ಎಜಮಾನರು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಹೇಳಿದೆ. ಅವರು ಹೂಂ ಎಂದರು, ಅಷ್ಟೇ. ಹೊತ್ತಾಗಿತ್ತು. ಕಾಲು ತೊಳೆದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿ, ಮುದ್ದೆಗೆ ಎಸರಿಟ್ಟೆ.