ಮೂಲ: ಪೂರ್ವ ಆಫ್ರಿಕಾ

ಗಿರಾಕಿ ಮೂರು ಹೆಜ್ಜೆ ಹೋಗುವವರೆಗೆ ಬಾಯಿ ಬಿಡಬಾರದು. ದುಬೈಯ ದೇರಾದಲ್ಲಿ ಹೊಸದಾಗಿ ಅಂಗಡಿ ಇಟ್ಟವರಿಗೆ ನಾನು ಕೊಡುವ ಮೊದಲ ಸಲಹೆ ಇದು, ಅದೂ ಪುಕ್ಕಟೆ. ಮೊದಲ ಹೆಜ್ಜೆ ಸಿಟ್ಟಿನದು, ಎರಡನೆಯದು ನಾಟಕದ್ದು, ಮೂರನೆಯದಕ್ಕೆ ಮನಸ್ಸು ಹಿಂದಕ್ಕೆ ಜಗ್ಗುತ್ತದೆ. ಅಲ್ಲಿ ತಿರುಗಿ ನೋಡುತ್ತಾರೆ. ತಿರುಗಿದರೆ ದರ ನಿಮ್ಮದು. ನೀವೇ ಮೊದಲು ಕರೆದಿರೋ, ದರ ಅವರದು. ಭಟ್ಕಳದಿಂದ ಎರಡು ಜೊತೆ ಬಟ್ಟೆ ಹಿಡಿದು ಬಂದವನು ಹದಿನೈದು ವರ್ಷದಲ್ಲಿ ನೈಫ್ ಓಣಿಯಲ್ಲಿ ಸ್ವಂತ ಬೋರ್ಡು ಹಾಕಿದ್ದು ಇಂಥ ನಾಲ್ಕೈದು ಮಾತುಗಳ ಬಲದಿಂದ.

ನನ್ನದು ತುಂಡುಬಟ್ಟೆಯ ವ್ಯಾಪಾರ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಉಳಿದದ್ದನ್ನು ಮೂಟೆಗಟ್ಟಲೆ ತಂದು ಕಿಲೋ ಲೆಕ್ಕದಲ್ಲಿ ಮಾರುವುದು. ಕೊಳ್ಳುವವರು ಹೆಚ್ಚಾಗಿ ಆಫ್ರಿಕಾದ ಹೆಂಗಸರು. ಲಾಗೋಸ್, ಅಕ್ರಾ, ಮೊಂಬಾಸಾದಿಂದ ಬಂದು, ಒಂದು ವಾರದಲ್ಲಿ ಕಂಟೇನರ್ ತುಂಬಿಸಿ ಹೋಗುವ ಗಟ್ಟಿಗಿತ್ತಿಯರು. ಒಬ್ಬೊಬ್ಬರಿಗೂ ಒಂದೊಂದು ಊರು, ಒಂದೊಂದು ಭಾಷೆ. ಆದರೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಒಂದೇ ಹೆಸರು: ಮಾಮಾ, ಅವರ ಕಡೆ ಅಮ್ಮ ಎಂದರ್ಥ. "ಮಾಮಾ, ಕಮ್! ಗುಡ್ ಪ್ರೈಸ್!"

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಒಂದು ಶುಕ್ರವಾರ ನಮಾಜು ಮುಗಿಸಿ ಅಂಗಡಿ ತೆರೆದ ಹೊತ್ತಿಗೆ ತಲೆಗೆ ಹಳದಿ ವಸ್ತ್ರ ಸುತ್ತಿದ ಒಬ್ಬಳು ಬಂದು ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಮಾಮಾ, ಟ್ವೆಲ್ವ್ ದಿರಹಂ ಕಿಲೋ," ಎಂದೆ. ಆಮೇಲೆ ಪಕ್ಕದ ಅಂಗಡಿಯ ಕುಂದಾಪುರದವನಿಗೆ ಕನ್ನಡದಲ್ಲಿ, "ಈ ಕರಿಯಮ್ಮನಿಗೆ ಡಬಲ್ ಹೇಳಿದ್ದೇನೆ, ನೀ ಮಧ್ಯ ಬಾಯಿ ಹಾಕಬೇಡ ಮಾರಾಯ."

ಅವಳು ಮೂಟೆಯಿಂದ ತಲೆಯೆತ್ತಲಿಲ್ಲ. "ಡಬಲ್ ಯಾಕ್ರಿ ಸಾವ್ಕಾರ್ರ? ಕರೇ ಕೈಯಾಗ ಹಿಡದ್ರ ಬಟ್ಟಿ ತೂಕ ಹೆಚ್ಚು ಬೀಳ್ತತೇನು?"

ಕುಂದಾಪುರದವನು ನಕ್ಕ ನಗೆ ಓಣಿಯ ಆ ತುದಿಗೆ ಕೇಳಿರಬೇಕು. "ಸಿಕ್ಕಿಬಿದ್ಯಲಾ ಮಾರಾಯಾ!"

ಅವಳು ಎದ್ದು ಹೊರಟಳು. ಮೂರನೆಯ ಹೆಜ್ಜೆಗೆ ತಿರುಗಿದಳು, ಆದರೆ ಸೋತವಳ ಮುಖವಲ್ಲ ಅದು. "ಕರೀರಿ ಮತ್ತ. ಆರಕ್ಕ ಕೊಡ್ತೀರಿ, ನಂಗೊತ್ತೈತಿ." ಆರಕ್ಕೇ ಕೊಟ್ಟೆ.

ಅವಳು ಹಳಿಯಾಳದ ಆಚೆಯ ಸಿದ್ದಿ ಕೇರಿಯವಳು. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಒಂದು ಮಾತು: ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಜನರ ಸಂತತಿ ನಮ್ಮ ಘಟ್ಟದ ಕಾಡಿನಂಚಿನಲ್ಲಿದೆ. ನಮ್ಮ ಜಿಲ್ಲೆಯವರೇ. ನಾನು ಹುಡುಗನಾಗಿದ್ದಾಗ ಬಸ್ಸಿನಲ್ಲಿ ಅವರನ್ನು ಕಂಡಿದ್ದೇನೆ, ಜನ ಅವರ ಪಕ್ಕದ ಸೀಟು ಖಾಲಿ ಬಿಟ್ಟು ನಿಲ್ಲುವುದನ್ನೂ ಕಂಡಿದ್ದೇನೆ. ನಾನೂ ನಿಂತಿದ್ದೇನೆ.

ಇಲ್ಲಿ ಅವಳು ಒಂದು ಅಬಾಯಾ ಹೊಲಿಯುವ ವರ್ಕ್‌ಶಾಪಿನಲ್ಲಿ ಟೈಲರ್. ಅಲ್ ನಹ್ದಾದ ಒಂದು ಫ್ಲ್ಯಾಟಿನಲ್ಲಿ ಐವರು ಹೆಂಗಸರ ಜೊತೆ ಒಂದು ಕೋಣೆ. ಬಿಡುವಿನಲ್ಲಿ ಕೌದಿ ಹೊಲಿಯುತ್ತಿದ್ದಳು. ಎಲ್ಲರೂ ಉಟ್ಟು ಬಿಟ್ಟ ಹಳೆಯ ಬಟ್ಟೆ ಒಳಗೆ, ನನ್ನ ತುಂಡುಗಳು ಮೇಲೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಕೊನೆಗೆ ನಾಲ್ಕು ಮೂಲೆಗೂ ಮುಕ್ಕೋನದ ಒಂದೊಂದು ತುಂಡು. ಅದಕ್ಕೆ ಹೂವು ಅನ್ನುತ್ತಾರಂತೆ. ಹೂವಿಲ್ಲದ ಕೌದಿ ಬತ್ತಲೆ. ಮರುಭೂಮಿಯಲ್ಲಿ ಕೌದಿ ಯಾರಿಗೆ ಬೇಕು ಅಂತ ನಗಬೇಡಿ. ಹದಿನೆಂಟು ಡಿಗ್ರಿಗೆ ಎಸಿ ಬಿಟ್ಟುಕೊಂಡು ಮಲಗುವ ಊರು ಇದು. ಜೆಬೆಲ್ ಅಲಿಯ ಕೂಲಿ ಕ್ಯಾಂಪಿನವರಿಂದ ಹಿಡಿದು ಬೆಂಗಳೂರಿನಿಂದ ಇಲ್ಲಿಗೆ ಬಂದ ಆಫೀಸಿನವರ ಮನೆಯವರೆಗೆ ಅವಳ ಕೌದಿ ಹೋಗುತ್ತಿತ್ತು.

ಆ ವರ್ಷ ಅವಳ ವರ್ಕ್‌ಶಾಪ್ ಮುಚ್ಚುವುದು ಖಚಿತವಾಯಿತು. ಎರಡು ತಿಂಗಳಿಗೆ ವೀಸಾ ಕ್ಯಾನ್ಸಲ್, ಆಮೇಲೆ ಊರು. "ಊರಾಗ ಕೌದಿ ಎಲ್ಲಾರ ಮನ್ಯಾಗೂ ಅದಾವ್ರಿ, ಕೊಳ್ಳಾವ್ರು ಯಾರು?" ಎಂದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಲೈಸೆನ್ಸು, ಒಂದು ಸಣ್ಣ ಕೋಣೆ, ಇನ್ನೊಂದು ಹೊಲಿಗೆಯ ಕೈ. ನಾನು ಧಾರಾಳವಾಗಿ ಸಲಹೆ ಕೊಟ್ಟೆ. ಯಾವ ಏರಿಯಾ, ಎಷ್ಟು ಬಾಡಿಗೆ, ಲೈಸೆನ್ಸಿಗೆ ಯಾವ ಅರಬಿಯನ್ನು ಸ್ಪಾನ್ಸರ್ ಹಿಡಿಯಬೇಕು, ಎಲ್ಲವನ್ನೂ.

ಅದೇ ಸುಮಾರಿಗೆ ಹತ್ತು ವರ್ಷದಿಂದ ನನ್ನ ಗಿರಾಕಿಯಾಗಿದ್ದ ಅಕ್ರಾದ ಹೆಂಗಸು ಒಂದು ಜೆರಾಕ್ಸ್ ನೋಟೀಸು ತಂದು ಅಂಗಡಿಯ ಗೋಡೆಗೆ ಅಂಟಿಸಿದಳು. ಎಮಿರೇಟ್ಸ್‌ನಲ್ಲಿರುವ ಆಫ್ರಿಕಾದ ವ್ಯಾಪಾರಸ್ಥರು ಕೂಡಿ ಒಂದು ಸ್ಪರ್ಧೆ ಇಟ್ಟಿದ್ದರು. ಕಪ್ಪು ಜನಾಂಗದ ಉದ್ಯಮಿಗಳು ಬರಬೇಕು, ಐದು ನಿಮಿಷದಲ್ಲಿ ತಮ್ಮ ವ್ಯಾಪಾರ ವಿವರಿಸಬೇಕು. ಗೆದ್ದವರಿಗೆ ಬಂಡವಾಳ, ಲೈಸೆನ್ಸು, ವೀಸಾ ಎಲ್ಲ ಅವರೇ ಮಾಡಿಸಿಕೊಡುತ್ತಾರೆ. "ಬ್ಯಾಂಕಿಗೆ ಹೋದರೆ ನಮ್ಮ ಮುಖ ನೋಡಿಯೇ ಫೈಲು ಮುಚ್ಚುತ್ತಾರೆ," ಎಂದಳು ಅಕ್ರಾದವಳು, ಅಂಗಡಿಯ ಇಂಗ್ಲಿಷಿನಲ್ಲಿ. "ಅದಕ್ಕೇ ನಮ್ಮವರಿಗೆ ನಾವೇ."

ನಾನು ನೋಟೀಸನ್ನು ಎರಡು ಸಲ ಓದಿದೆ. ಕಪ್ಪು ಜನಾಂಗ ಅಂತಿತ್ತು. ಆಫ್ರಿಕಾದ ಪಾಸ್‌ಪೋರ್ಟ್ ಅಂತ ಎಲ್ಲೂ ಇರಲಿಲ್ಲ.

ಮುಂದಿನ ಶುಕ್ರವಾರ ಅವಳು ಬಂದಾಗ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕರಿಯಾಕಿ ಅಂತ ರೊಕ್ಕಾ ಕೊಡ್ತಾರ? ಊರಾಗ ಇದ ಬಣ್ಣಕ್ಕ ಬೈಗಳಾ ಕೊಡ್ತಿದ್ರಲ್ರೀ."

"ಅದಕ್ಕೇ ಹೇಳ್ತಾ ಇದ್ದೇನೆ. ಇಷ್ಟು ವರ್ಷ ನಷ್ಟ ಆಗಿದ್ದನ್ನ ಒಂದ್ಸಲ ಲಾಭ ಮಾಡ್ಕೋ ಮಾರಾಯ್ತಿ."

ಫಾರಂ ನಾನೇ ತುಂಬಿದೆ. ದೇಶ ಎಂಬ ಕಡೆ ಇಂಡಿಯಾ ಎಂದು ಬರೆದರೆ ಮೊದಲ ನೋಟಕ್ಕೇ ಬದಿಗಿಡುತ್ತಾರೆ ಎಂದು ನನ್ನ ಲೆಕ್ಕ. ಅದನ್ನು ಖಾಲಿ ಬಿಟ್ಟು ಕೆಳಗೆ ಬರೆದೆ: ಮೂಲ, ಪೂರ್ವ ಆಫ್ರಿಕಾ.

"ನಾ ಆಫ್ರಿಕಾ ನೋಡೇ ಇಲ್ಲಲ್ರಿ," ಎಂದಳು.

"ನೋಡಿದ್ದೀಯ ಅಂತ ಎಲ್ಲಿ ಬರ್ದಿದ್ದೇನೆ? ಮೂಲ ಅಂತ ಬರ್ದಿದ್ದು. ಸುಳ್ಳಾ?"

"ಸುಳ್ಳಲ್ರಿ," ಎಂದಳು ನಿಧಾನಕ್ಕೆ. "ಖರೇನೂ ಅಲ್ಲ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸುವ ಮಾಲಿನ ಬಗ್ಗೆಯೂ ನನ್ನದೇ ಹಟ. ಹಳೆ ಸೀರೆಯ ಕೌದಿ ಬೇಡ, ಆಫ್ರಿಕಾದವರು ಉಡುವ ದೊಡ್ಡ ದೊಡ್ಡ ಹೂವಿನ ಅಚ್ಚುಬಟ್ಟೆ ಇದೆ, ಪೂರಾ ಹೊಸದರಲ್ಲೇ ಹೊಲಿ ಎಂದೆ. ಬಟ್ಟೆ ನಾನು ಪುಕ್ಕಟೆ ಕೊಟ್ಟೆ. ಪುಕ್ಕಟೆ ಕೊಡುವವನ ಮಾತಿಗೆ ಎದುರಾಡುವುದು ಕಷ್ಟ, ಇದು ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತು. "ಹೊಸಾ ಬಟ್ಟಿ ಮೈಗೆ ಹತ್ತೂದಿಲ್ರಿ, ಇದು ಬರೇ ಚಾದರ ಆಕ್ಕತಿ," ಎಂದು ಗೊಣಗಿದಳು. ಆದರೂ ಹೊಲಿದಳು. ಸ್ಪರ್ಧೆಗೆ ಉಳಿದಿದ್ದ ಹದಿನೈದು ದಿನದಲ್ಲಿ ಮುಗಿಯುವ ಕೆಲಸವಲ್ಲ ಅದು. ಸ್ಪರ್ಧೆಗೆಂದು ಅಬುಧಾಬಿಗೆ ಹೊರಡುವ ಬೆಳಿಗ್ಗೆ ನನ್ನ ಪಿಕಪ್ ಹತ್ತುವ ಹೊತ್ತಿಗೂ ಮೂಲೆಗಳಿಗೆ ಹೂವು ಇನ್ನೂ ಬಿದ್ದಿರಲಿಲ್ಲ. "ಬತ್ತಲಿ ಐತ್ರಿ ಇದು," ಎಂದಳು. "ಅವ್ರಿಗೆ ಎಂತ ಗೊತ್ತಾಗ್ತದೆ, ಯಲ್ಲಾ, ಬೇಗ ಹತ್ತು," ಎಂದೆ.

ಹೋಟೆಲಿನ ಹಾಲ್‌ನಲ್ಲಿ ಹನ್ನೆರಡು ಜನ ಸ್ಪರ್ಧಿಗಳು. ಜಡೆ ಹೆಣೆಯುವ ಪಾರ್ಲರಿನವಳು, ಒಣಮೀನಿನವನು, ಮುಸಫ್ಫಾದಲ್ಲಿ ಹಳೆ ಗಾಡಿಯ ಬಿಡಿಭಾಗ ಕಟ್ಟಿ ಕಳಿಸುವವನು. ಎಲ್ಲರೂ ಸೂಟು ಬೂಟು. ನಮ್ಮ ಕೌದಿಯವಳು ಒಂಬತ್ತನೆಯವಳು. ಅಕ್ರಾದವಳು ಮೈಕಿನಲ್ಲಿ ಅವಳ ಸರದಿ ಕರೆದಳು. ನಾನು ಹಿಂದಿನ ಸಾಲಿನಲ್ಲಿ.

ಹರಕು ಇಂಗ್ಲಿಷಿನಲ್ಲೇ ಚೆನ್ನಾಗಿ ಹೇಳಿದಳು. ಕ್ಯಾಂಪಿನ ಚಳಿ, ಕಂಪನಿ ಕೊಡುವ ತೆಳ್ಳನೆಯ ಕಂಬಳಿ, ಒಂದು ಕೌದಿಗೆ ಎಷ್ಟು ದಿನ, ಎಷ್ಟು ಉಳಿಯುತ್ತದೆ. ಜನ ತಲೆಯಾಡಿಸುತ್ತಿದ್ದರು. ಗೆದ್ದೆವು ಅಂದುಕೊಂಡೆ.

ಮೂವರು ತೀರ್ಪುಗಾರರಲ್ಲಿ ಹಿರಿಯರೊಬ್ಬರು ಪೂರ್ವ ಆಫ್ರಿಕಾದವರೇ, ಮೊಂಬಾಸಾದವರು. ಫಾರಂ ನೋಡಿದರು, ಮುಖ ಅರಳಿತು, ಮುಂದಕ್ಕೆ ಬಾಗಿ ತಮ್ಮ ಕಡೆಯ ಸ್ವಾಹಿಲಿಯಲ್ಲಿ ಏನೋ ಕೇಳಿದರು. ದನಿಯಲ್ಲಿ ನೆಂಟರನ್ನು ಕಂಡ ಪ್ರೀತಿ ಇತ್ತು. ಅವಳು ಅವರ ತುಟಿಯನ್ನೇ ನೋಡಿದಳು. ಅವರು ಮತ್ತೆ ಕೇಳಿದರು, ಇನ್ನೂ ನಿಧಾನವಾಗಿ, ಕಿವಿ ಮಂದವಾದವರಿಗೆ ಕೇಳುವ ಹಾಗೆ.

"ಸಾರಿ ಸರ್. ದಿಸ್ ಲ್ಯಾಂಗ್ವೇಜ್ ಐ ಡೋಂಟ್ ನೋ."

"ಮತ್ತೆ ಪೂರ್ವ ಆಫ್ರಿಕಾದಲ್ಲಿ ಯಾವ ಊರು?"

ಅವಳು ಹಾಲಿನ ತುಂಬ ಕಣ್ಣಾಡಿಸಿ ನನ್ನ ಮೇಲೆ ನಿಲ್ಲಿಸಿದಳು. ಆ ಒಂದು ಗಳಿಗೆಯಲ್ಲಿ ನಾನು ಏಳಬೇಕಿತ್ತು. ಚಪ್ಪಲಿಯ ಉಂಗುಟ ನೋಡುತ್ತ ಕೂತೆ.

"ಊರು ಹಳಿಯಾಳ," ಎಂದಳು. "ಇಂಡಿಯಾ. ನನ್ನ ಮುತ್ತಜ್ಜಿಯ ಅಜ್ಜಿಯನ್ನ ಯಾರೋ ಹಡಗಿನಾಗ ತಂದ್ರು. ಎಲ್ಲಿಂದ ಅಂತ ನಮಗ್ಯಾರೂ ಹೇಳಿಲ್ಲ." ಇಂಗ್ಲಿಷ್ ಸಾಲದೆ ಅರ್ಧ ಹಿಂದಿಯಲ್ಲಿ, ಕೊನೆಯ ಮಾತು ಕನ್ನಡದಲ್ಲೇ. ಹಿಂದಿ ಬಲ್ಲ ಯಾರೋ ಅನುವಾದಿಸಿದರು.

"ಈ ಫಾರಂ ಯಾರು ತುಂಬಿದ್ದು?"

"ನಾನೇ ಸರ್," ಎಂದಳು ಅವಳು.

ಹಿರಿಯರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದ್ದು ನನಗೆ ನೆನಪಿದೆ. "ಹಳಿಯಾಳ ಎಂದೇ ಬರೆದಿದ್ದರೆ ನಾನು ಎದ್ದು ಬಂದು ನಿನ್ನ ಕೈ ಹಿಡಿಯುತ್ತಿದ್ದೆ, ಮಗಳೇ. ಸ್ಪರ್ಧೆಯಲ್ಲಿ ನಿನಗೆ ಜಾಗ ಇತ್ತು. ಆದರೆ ಕಾಗದದಲ್ಲಿ ಮರೆಮಾಚಿದವರಿಗೆ ಬೇರೆಯವರ ಹಣ ಹೇಗೆ ಕೊಡಲಿ?" ಖಲಾಸ್. ಹತ್ತನೆಯವರನ್ನು ಕರೆದರು.

ಚಹಾದ ಮೇಜಿನ ಹತ್ತಿರ ಅಕ್ರಾದವಳು ನನ್ನನ್ನು ಹಿಡಿದಳು. "ಆ ಬಟ್ಟೆ ನಿನ್ನ ಅಂಗಡಿಯದು. ಅಕ್ಷರವೂ ನಿನ್ನದು. ಹತ್ತು ವರ್ಷ ನಿನ್ನ ರಸೀದಿ ನೋಡಿದ್ದೇನೆ."

"ಕಾಗದದಲ್ಲಿ ಸುಳ್ಳು ಎಲ್ಲಿದೆ ತೋರಿಸು," ಎಂದೆ.

"ಸುಳ್ಳಿಲ್ಲ. ಡಬಲ್ ಹೇಳಿದ್ದೀಯ," ಎಂದಳು. "ನನಗೆ ಯಾವಾಗಲೂ ದರ ಹೇಳುವ ಹಾಗೆ."

ಹಿಂದಿರುಗುವ ದಾರಿಯಲ್ಲಿ ಜೆಬೆಲ್ ಅಲಿ ಬಂದರಿನ ಕ್ರೇನುಗಳು ಕಾಣಿಸಿದ ಮೇಲೆ ಅವಳೇ ಮಾತು ಶುರುಮಾಡಿದಳು. "ಸಾವ್ಕಾರ್ರ, ನಿಮ್ಮ ಮೂಲ ಎಲ್ಲೀದ್ರಿ?"

"ನಾವು ನವಾಯತರು. ಹಿರಿಯರು ಅರಬಸ್ಥಾನದಿಂದ ಹಡಗಲ್ಲಿ ಬಂದವರು ಅಂತಾರೆ."

"ಹಂಗಾರ ಇಲ್ಲಿ ಫಾರಂದಾಗ ನೀವು ಅರಬರು ಅಂತ ಬರೀತೀರೇನು?"

ಬರೆದರೆ ನನ್ನ ಅರಬಿ ಸ್ಪಾನ್ಸರನೇ ಬಿದ್ದು ಬಿದ್ದು ನಗುತ್ತಾನೆ. ನಾನು ಇಂಡಿಕೇಟರ್ ಹಾಕಿ ಲೇನ್ ಬದಲಿಸಿದೆ.

ಮೂರು ವಾರ ಬಿಟ್ಟು ಅಂಗಡಿಗೆ ಬಂದಳು. ವೀಸಾ ಕ್ಯಾನ್ಸಲ್ ಆಗಿ ಬಂದಿತ್ತು, ಹೊರಡಲು ದಿನ ಎಣಿಸಿದಷ್ಟು. ಆ ಹೊಸ ಬಟ್ಟೆಯ ಕೌದಿಯನ್ನು ಮಡಚಿ ಗಲ್ಲೆಯ ಮೇಲಿಟ್ಟಳು. "ನಿಮ್ಮ ಬಟ್ಟಿ ನಿಮಗ." ಮೂಲೆಗಳು ಹಾಗೇ ಖಾಲಿ ಇದ್ದವು. ಆಮೇಲೆ ಮೆಲ್ಲಗೆ ಕೇಳಿದಳು. "ನಿಮ್ಮ ಲೈಸೆನ್ಸಿನಾಗ ಒಂದ್ ವೀಸಾ ಖಾಲಿ ಐತಂತ. ಕುಂದಾಪುರದವ್ರು ಹೇಳಿದ್ರು. ಖರೇನ್ರಿ?"

ಖರೆ. ಅಂಗಡಿಯ ಲೈಸೆನ್ಸಿಗೆ ಕೆಲಸದವರ ವೀಸಾ ಇಷ್ಟು ಅಂತ ಇರುತ್ತದೆ, ಅದರಲ್ಲಿ ಒಂದು ಮೊದಲಿನಿಂದಲೂ ಖಾಲಿ ಇತ್ತು. ಏರಿಯಾ, ಬಾಡಿಗೆ, ಸ್ಪಾನ್ಸರ್ ಅಂತ ಸಲಹೆ ಕೊಟ್ಟ ದಿನವೂ, ಫಾರಂ ತುಂಬಿದ ದಿನವೂ. ಊರಿನಿಂದ ಯಾರಾದರೂ ನೆಂಟರು ಕೇಳಬಹುದು ಎಂದು ಇಟ್ಟುಕೊಂಡಿದ್ದೆ. ಅದನ್ನು ಇವಳಿಗೆ ಕೊಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ.

ಕೊಡುವ ಮನಸ್ಸು ಆ ಕ್ಷಣ ಬಂತು. ಆದರೆ ಬಾಯಿಗೆ ಅದರದೇ ಅಭ್ಯಾಸ. "ಇದೆ. ಆದ್ರೆ ಖರ್ಚು ನಿಂದು. ಕೌದಿ ಎಲ್ಲ ನನ್ನ ಅಂಗಡಿಯಲ್ಲೇ ಮಾರಬೇಕು, ಅರ್ಧ ನಂಗೆ. ಎರಡು ವರ್ಷಕ್ಕೆ ಬರ್ದು ಕೊಡು." ಅರ್ಧ ಎಂದದ್ದು ಕಾಲುಭಾಗಕ್ಕೆ ಇಳಿಯಲಿಕ್ಕೆ. ಅವಳು ಬೈದು ಇಳಿಸುತ್ತಾಳೆ, ನಾನು ನಕ್ಕು ಒಪ್ಪುತ್ತೇನೆ, ಖರ್ಚನ್ನೂ ಬಿಡುತ್ತೇನೆ. ಹಾಗೆ ಅಂದುಕೊಂಡಿದ್ದೆ.

ಅವಳು ಬೈಯಲಿಲ್ಲ. ತಲೆಯ ವಸ್ತ್ರ ಸರಿಮಾಡಿಕೊಂಡು ಹೊರಟಳು.

ಒಂದು ಹೆಜ್ಜೆ. ಸಿಟ್ಟು ಅಂದುಕೊಂಡೆ. ಎರಡು. ಮೂರನೆಯದಕ್ಕೆ ನಾನು ನಗು ಸಿದ್ಧಮಾಡಿಕೊಂಡೆ. ನಾಲ್ಕು, ಐದು. ಬಾಗಿಲು ದಾಟಿದಳು.

ಗಲ್ಲೆಯ ಅಡ್ಡಹಲಗೆ ಎತ್ತಿ ಹೊರಗೆ ಬರುವಷ್ಟರಲ್ಲಿ ಓಣಿ ತುಂಬಿತ್ತು. ಮೂಟೆ ಹೊತ್ತ ಕೈಗಾಡಿಗಳು, ಕಾರ್ಟನ್‌ಗಳು, ತಲೆಗೆ ವಸ್ತ್ರ ಸುತ್ತಿದ ಹತ್ತಾರು ಹೆಂಗಸರ ಬೆನ್ನು. ಹಳದಿ ವಸ್ತ್ರಗಳೇ ಮೂರು ಕಂಡವು. ಅವಳ ಹೆಸರು ಹಿಡಿದು ನಾನು ಒಂದು ದಿನವೂ ಕರೆದಿರಲಿಲ್ಲ. ಬಾಯಿಗೆ ಬಂದದ್ದನ್ನೇ ಕೂಗಿದೆ.

"ಮಾಮಾ!"

ನಾಲ್ಕೈದು ಜನ ಒಟ್ಟಿಗೇ ತಿರುಗಿದರು. ಒಬ್ಬಳೂ ಅವಳಲ್ಲ. ಹತ್ತಿರ ಇದ್ದವಳು ನನ್ನ ಖಾಲಿ ಕೈಯತ್ತ ನೋಡಿ, ಏನು ಮಾರುತ್ತಿದ್ದೇನೆಂದು ತಿಳಿಯದೆ, "ಹೌ ಮಚ್?" ಎಂದಳು.

ಕನ್ನಡದಲ್ಲಿ ಕೂಗಬೇಕಿತ್ತು.